ತಮ್ಮನ ತಲೆಯ ಎರಡು ಅಳತೆ

ತಮ್ಮ ಹುಟ್ಟಿದಾಗ ನನಗೆ ಹದಿನಾಲ್ಕು. ಬೈಕುಲ್ಲಾದ ನಮ್ಮ ಚಾಳಿನ ಕೋಣೆಯಲ್ಲಿ ಮುಂದೆ ಅಬ್ಬಾನ ಹೊಲಿಗೆ ಮಿಷನ್ನು, ಹಿಂದೆ ಮನೆ. ಅಬ್ಬಾ ಗಿರಾಕಿಗಳ ಅಳತೆ ಕೂಗಿದಂತೆ ತಾರೀಖು ಹಾಕಿ ಬರೆದುಕೊಳ್ಳುವುದು ನನ್ನ ಕೆಲಸ. ಆ ಚಟದಿಂದಲೇ ತಮ್ಮನನ್ನೂ ಅಳತೆ ಪುಸ್ತಕದ ಕೊನೆಯ ಹಾಳೆಗೆ ಸೇರಿಸಿದೆ. ೧೯೭೩ರ ಮಾರ್ಚ್ ೨ರಿಂದ ಪ್ರತಿ ಶುಕ್ರವಾರ, ಕುಲಾವಿಗೆ ಬೇಕಾದ ಎರಡು ಅಳತೆ: ಹುಬ್ಬಿನಿಂದ ನೆತ್ತಿ ಹಾದು ಹಿಂದಲೆಯವರೆಗೆ ಒಂದು, ನೆತ್ತಿಯ ಮೇಲಿಂದ ಕಿವಿಯಿಂದ ಕಿವಿಗೆ ಇನ್ನೊಂದು.

ಕೂಸಿನ ಸ್ನಾನ ಮಾತ್ರ ದಾದಿಯದು. ಅಬ್ಬಾನ ತಾಯಿ ಅವರು, ಬಾಣಂತನಕ್ಕೆಂದು ವಿಜಾಪುರದಿಂದ ಬಂದಿದ್ದರು. ಕಾಲು ಚಾಚಿ ಕೂಸನ್ನು ಅದರ ಮೇಲೆ ಮಲಗಿಸಿಕೊಂಡು, ನೆತ್ತಿಗೆ ಹರಳೆಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ತಲೆ ದುಂಡಗಾಗಲೆಂದು ಹಣೆ, ಹಿಂದಲೆಗಳನ್ನು ಅಂಗೈಯಿಂದ ಒತ್ತುತ್ತಿದ್ದರು. ಮಾರ್ಚ್ ಮೂರನೇ ವಾರ ನೆತ್ತಿಯ ಮೆತ್ತನೆಯ ಜಾಗ ಬೆರಳಿಗೆ ಸಿಗದಾಯಿತು. ದಾದಿ ಹರಳೆಣ್ಣೆ ನಿಲ್ಲಿಸಿ, ನಮ್ಮ ಸಾಲಿನ ಏಳೂ ಮನೆಗೆ ಸಕ್ಕರೆ ಹಂಚಿದರು.

"ಇವರಪ್ಪಂದು ನೆತ್ತಿ ಕೂಡಾಕ ಒಂದೂವರಿ ವರ್ಷ ಹಿಡದಿತ್ತು. ಇಂವಂದು ನೋಡ್ರಿ, ಎರಡ ತಿಂಗಳದಾಗ. ಗಟ್ಟಿ ಕೂಸು."

ಏಪ್ರಿಲ್ ೨೭ರಂದು ಹೊಸ ಕುಲಾವಿ ಕತ್ತರಿಸಲು ಅಬ್ಬಾ ಅಳತೆ ಕೇಳಿದರು. ಹನ್ನೊಂದೂವರೆ, ಎಂಟೂವರೆ ಎಂದೆ.

"ಎಂಟೂವರಿ ಹ್ವಾದ ತಿಂಗಳದ್ದು."

"ಇವತ್ತಿಂದ, ಅಬ್ಬಾ."

"ಟೇಪ್ ಬಿಗಿ ಹಿಡದಿರಬೇಕು, ಬೇಟಾ."

ತಾವೇ ಮೂರು ಸಲ ಅಳೆದರು. ಆಮೇಲೆ ನನ್ನ ಹಾಳೆಯ ಮೇಲೆ ಬೆರಳಾಡಿಸಿದರು. ಉದ್ದದ ಅಳತೆ ಹತ್ತು ಇಂಚಿನಿಂದ ಹನ್ನೊಂದೂವರೆಗೆ ಬಂದಿತ್ತು. ಕಿವಿಯಿಂದ ಕಿವಿಗೆ ಒಂಬತ್ತು ಶುಕ್ರವಾರವೂ ಎಂಟೂವರೆಯೇ. ಅಬ್ಬಾ ಕತ್ತರಿ ಕೆಳಗಿಟ್ಟರು.

ಸೋಮವಾರ ಎಲ್ಲರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ತಲೆಯನ್ನೂ ನನ್ನ ಹಾಳೆಯನ್ನೂ ನೋಡಿ ನಿಧಾನವಾಗಿ ವಿವರಿಸಿದರು. ಕೂಸಿನ ಬುರುಡೆಯ ಎಲುಬುಗಳ ನಡುವೆ ಸಂದುಗಳಿರುತ್ತವೆ, ಮೆದುಳು ಬೆಳೆದಂತೆ ಅವು ಜಾಗ ಬಿಡುತ್ತವೆ. ಇವನಿಗೆ ನಡುನೆತ್ತಿಯ ಸಂದು ಮೊದಲೇ ಬೆಸೆದುಕೊಂಡಿದೆ. ಅದಕ್ಕೇ ತಲೆ ಅಗಲವಾಗದೆ ಹಿಂದಕ್ಕೂ ಮುಂದಕ್ಕೂ ಬೆಳೆಯುತ್ತಿದೆ. ಬಿಟ್ಟರೆ ಮೆದುಳಿನ ಮೇಲೆ ಒತ್ತಡ ಬೀಳಬಹುದು. ಆ ಎಲುಬಿನ ಪಟ್ಟಿಯನ್ನು ತೆಗೆಯಬೇಕು, ಬೇಗ ತೆಗೆದಷ್ಟೂ ಒಳ್ಳೆಯದು.

"ನನ್ನ ಕೈಯಿಂದ ಆತೇನು?" ದಾದಿ ಕೇಳಿದರು.

ಅಲ್ಲ, ಹುಟ್ಟುವ ಮೊದಲೇ ಶುರುವಾದದ್ದು ಎಂದರು ಡಾಕ್ಟರು. ದಾದಿ ನಂಬಲಿಲ್ಲ. ಮನೆಗೆ ಬಂದವರೇ ಕೂಸನ್ನು ಮಡಿಲಿಂದ ಇಳಿಸಲಿಲ್ಲ.

"ತಲಿ ಕೊಯ್ಯಾಕ ನಾ ಕೊಡಂಗಿಲ್ಲ. ಕೈಯಿಂದ ಕೆಟ್ಟದ್ದು ಕೈಯಿಂದನ ಸರಿ ಆಕ್ಕೈತಿ."

ಅಮ್ಮಿ ಅತ್ತರು. ತಾಯಿಯ ಮಾತು ಎಂದೂ ಮೀರದ ಅಬ್ಬಾ ಮಿಷನ್ನಿಗೆ ಮರಳಿದರು. ನಾಲ್ಕು ದಿನ ಹೀಗೇ ಹೋಯಿತು.

ಮೇ ೪, ಶುಕ್ರವಾರ. ದಾದಿ ನನ್ನನ್ನು ಕೋಣೆಯ ಮೂಲೆಯಲ್ಲಿದ್ದ ಸ್ನಾನದ ಮೋರಿಗೆ ಕರೆದರು. "ಮದಲ ಅಳಿ. ಆಮ್ಯಾಲ ನಾ ಒತ್ತತೇನಿ. ಮತ್ತ ಅಳಿ."

ಎಂಟೂವರೆ. ಎರಡು ಬಿಂದಿಗೆ ನೀರು ಮುಗಿಯುವವರೆಗೆ ಒತ್ತಿದರು. ಎಂಟೂವರೆ.

"ಸುಳ್ಳ ಹೇಳಬ್ಯಾಡ."

ಅವರಿಗೆ ಓದಲು ಬಾರದು. ಟೇಪಿನ ಮೇಲೆ ಎರಡು ಸಲವೂ ನನ್ನ ಉಗುರು ನಿಂತ ಜಾಗವನ್ನು ಮುಟ್ಟಿ ತೋರಿಸಿದೆ. ದಾದಿಯೂ ಅಲ್ಲೇ ಬೆರಳಿಟ್ಟು ನೋಡಿದರು. ಆಮೇಲೆ ಕೂಸನ್ನು ಒರೆಸಿ ಅಬ್ಬಾನ ಕೈಗಿತ್ತರು. "ಕರಕೊಂಡ ಹೋಗು. ತಡಾ ಮಾಡಬ್ಯಾಡ."

ಮೇ ೧೬ಕ್ಕೆ ಆಪರೇಶನ್ ಆಯಿತು. ತಮ್ಮ ಹದಿಮೂರನೇ ದಿನ ಮನೆಗೆ ಬಂದ. ಮೆದುಳಿಗೆ ಇನ್ನು ಜಾಗವಿದೆ ಎಂದಿದ್ದರು ಡಾಕ್ಟರು. ಹೊಲಿಗೆ ಒಣಗಿ ಸ್ನಾನಕ್ಕೆ ಅಪ್ಪಣೆ ಸಿಕ್ಕಿದರೂ ದಾದಿ ಮೋರಿಯ ಹತ್ತಿರ ಸುಳಿಯಲಿಲ್ಲ. ಅಮ್ಮಿಯೇ ನೀರು ಹಾಕಿದರು. ಅಭ್ಯಾಸವಿಲ್ಲದ ಕೈಗೆ ಕೂಸು ಚಾಳೆಲ್ಲ ಕೇಳುವಂತೆ ಅರಚಿತು. ಮೂರನೇ ದಿನ ದಾದಿಗೆ ತಡೆಯಲಾಗಲಿಲ್ಲ.

"ಕೂಸಿಗೆ ನೀರ ಹಾಕಾಕತ್ತೀಯೋ, ಬಟ್ಟಿ ಒಗ್ಯಾಕತ್ತೀಯೋ? ಅತ್ತ ಸರಿ."

ಸೆರಗು ಸಿಕ್ಕಿಸಿ, ಕಾಲು ಚಾಚಿ ಕೂತರು. ತಮ್ಮ ಸುಮ್ಮನಾದ. ದಾದಿ ಪಾದದಿಂದ ಭುಜದವರೆಗೆ ತಿಕ್ಕಿದರು. ತಲೆಯ ಸರದಿ ಬಂದಾಗ ಅದನ್ನು ಮುಟ್ಟದೆ ತಂಬಿಗೆಯನ್ನು ಅಮ್ಮಿಗೆ ಕೊಟ್ಟು, ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.