ದಪ್ಪ ಅಕ್ಷರದ ಅವ್ವ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ಶುಕ್ರವಾರ ಮಸೀದಿಗೆ ಹೊರಡುವ ಮುನ್ನ ಸೀಮೆಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಶಾಯಿ ಹೋಗುತ್ತಿರಲಿಲ್ಲ. ಹುಣಸೂರಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಅವರನ್ನು ಎಲ್ಲರೂ ಪ್ರೆಸ್ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ, ಮಕ್ಕಳೇ. ಬೇರೆ ಹೆಸರು ನನಗೆ ಗೊತ್ತಿಲ್ಲ.

ನಿಮ್ಮ ತಾತ ನಮ್ಮೂರ ಹುಡುಗರು ಆಡಲೆಂದು ಒಂದು ನಾಟಕ ಬರೆದರು. ಅದನ್ನು ಅಚ್ಚು ಹಾಕಿಸಲು ಹನಗೋಡಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕರಡನ್ನು ನಾನು ಮೆಲ್ಲಗೆ ಓದುವುದು, ತಪ್ಪಿದ್ದಲ್ಲಿ ಸಾಹೇಬರು ಮೊಳೆ ಬದಲಿಸುವುದು. ಪಾತ್ರಗಳಲ್ಲಿ ಯಾರಿಗೆ ದಪ್ಪ ಅಕ್ಷರ, ಯಾರಿಗೆ ಸಣ್ಣದು ಎಂದು ತಾತ ಸಾಹೇಬರನ್ನು ಕೇಳಿದರು.

“ಹತ್ತು ಜನ ಸೇವಕರವ್ರೆ, ಅವರಲ್ಲಿ ಯಾವನೋ ಒಬ್ಬ ಬಂದ ಅಂದ್ರೆ ಸಣ್ಣದು ಸಾಕು. ಇರೋನು ಒಬ್ಬನೇ ರಾಜ, ಎಲ್ರೂ ರಾಜ ಅಂತ್ಲೇ ಕೂಗ್ತಾರೆ ಅಂದ್ರೆ ಅದೇ ಅವನ ಹೆಸರು ಕಣ್ರೀ. ದಪ್ಪದು ಹಾಕ್ಬೇಕು.”

“ಅಂಗಾದ್ರೆ ನಿಮ್ಮೆಸರು ಸಾಯೇಬ್ರೆ?” ಎಂದರು ತಾತ.

“ನಂದು ಬೋರ್ಡ್ ಮೇಲೇ ಅಳಿಸೋಯ್ತು, ಬುಡಿ.”

ಮೂವರೂ ನಕ್ಕೆವು.

ತಾತ ತೀರಿಕೊಂಡ ಮೇಲೆ, ನಿಮ್ಮ ಅವ್ವನ ಮದುವೆ ಕಾರ್ಡಿಗೆಂದು ಮೈದುನನ ಜೊತೆ ಹೋದೆ. ಅವನು ಬರೆದು ತಂದ ಚೀಟಿಯಲ್ಲಿ, ಕರೆಯುವವರ ಜಾಗದಲ್ಲಿ ಅವನ ಹೆಸರು, ಅವನ ಹೆಂಡತಿಯ ಹೆಸರು ಇದ್ದವು. ಸಾಹೇಬರು ಕನ್ನಡಕ ಮೇಲೆತ್ತಿದರು.

“ಹುಡುಗಿ ಅವ್ವನ ಹೆಸರೆಲ್ಲಿ? ಏನಮ್ಮಾ ನಿಮ್ಮ ಹೆಸರು?”

“ಗಂಡ ಇಲ್ದೋರ ಹೆಸರ ಮದ್ವೆ ಕಾರ್ಡಿಗೆ ಯಾರಾದ್ರೂ ಹಾಕ್ತಾರಾ ಸಾಯೇಬ್ರೆ? ನಮ್ ಕಡೆ ಇಲ್ಲ, ಬುಡಿ” ಎಂದ ಮೈದುನ.

ಸಾಹೇಬರು ಅವನ ಕಡೆ ನೋಡಲಿಲ್ಲ. “ನೀವೇ ಹೇಳಿಮ್ಮಾ” ಎಂದರು.

ಹೆಸರು ಗಂಟಲವರೆಗೆ ಬಂದಿತ್ತು. “ಬ್ಯಾಡ ಬುಡಿ” ಎಂದೆ.

ಕಾರ್ಡಿನ ಕಟ್ಟು ತರಲು ಹೋದ ದಿನ, ಬೇರೆ ಒಂದೇ ಒಂದು ಕಾರ್ಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಮನೆಗೆ ಬಂದು ಬಿಡಿಸಿದೆ. ಮೈದುನನ ಹೆಸರಿಗಿಂತ ಮೇಲೆ ‘ಹುಡುಗಿಯ ಅವ್ವ’ ಎಂದಿತ್ತು, ರಾಜನಿಗೆ ಹಾಕಿದ್ದ ಅದೇ ದಪ್ಪ ಅಕ್ಷರದಲ್ಲಿ. ಸೀರೆಗಳ ಅಡಿಯಲ್ಲಿ ಬಚ್ಚಿಟ್ಟೆ.

ಒಮ್ಮೆ ಹೋಗಿ ಹೆಸರು ಹೇಳಿ ಬರಬೇಕೆಂದು ಎಷ್ಟೋ ವರ್ಷ ಅಂದುಕೊಂಡೆ. ಹೋದ ವರ್ಷ ಕಣ್ಣು ತೋರಿಸಲು ಹುಣಸೂರಿಗೆ ಹೋದವಳು ಆ ಬೀದಿಗೂ ಹೋದೆ. ಪ್ರೆಸ್ ಇದ್ದಲ್ಲಿ ಮೊಬೈಲ್ ಅಂಗಡಿ.

“ಸಾಯೇಬ್ರು ತೀರ್ಕೊಂಡು ಮೂರ್ ತಿಂಗ್ಳಾಯ್ತು ಕಣಮ್ಮ. ನೀವ್ಯಾರು?” ಎಂದು ಪಕ್ಕದ ದರ್ಜಿ ಕೇಳಿದ.

“ಒಂದ್ ಕಾರ್ಡ್ ಹಾಕ್ಸಿದ್ದೆ, ಅಷ್ಟೇ ಕಣಪ್ಪ” ಎಂದು ಬಸ್‌ ಸ್ಟ್ಯಾಂಡಿಗೆ ನಡೆದೆ.

ಆ ಕಾರ್ಡು ಇನ್ನೂ ಸೀರೆಗಳ ಅಡಿಯಲ್ಲೇ ಇದೆ. ನಿಮ್ಮ ಅವ್ವ ಅದನ್ನು ನೋಡಿಲ್ಲ. ನೀವೇ ತೆಗೆದು ಅವಳಿಗೆ ಕೊಡಿ. ಇದನ್ನೆಲ್ಲ ಹೇಳಲು ನನಗೆ ಬಾಯಿ ಬರುವುದಿಲ್ಲ.