ಮುತ್ಯಾ ಪಂಖಾ ಎಳೆದ ಅರಮನೆ

ಸ್ಟೇಶನ್ ಬಜಾರಿನಲ್ಲಿ ನಡೆಯುವಾಗ ಯಾವುದೋ ಅಂಗಡಿಯ ಕೂಲರಿನಿಂದ ನೆನೆದ ಲಾವಂಚದ ವಾಸನೆ ಬಂದರೆ, ನನಗೆ ಈಗಲೂ ಕಮಲಾಪುರದ ಮನೆ ನೆನಪಾಗುತ್ತದೆ. ಆ ಮನೆ ಈಗಿಲ್ಲ. ಅಲ್ಲೊಂದು ಟೈರಿನ ಅಂಗಡಿಯಿದೆ. ಬೇಸಿಗೆ ರಜೆ ಬಂತೆಂದರೆ ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ನಾವು ಅಲ್ಲಿಗೆ ಓಡುತ್ತಿದ್ದೆವು. ಅಪ್ಪನ ಅಪ್ಪ, ನಮ್ಮ ಮುತ್ಯಾ, ಮಧ್ಯಾಹ್ನ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ, ನೀರು ಚಿಮುಕಿಸಿ, ಮಕ್ಕಳನ್ನೆಲ್ಲ ಫರ್ಸಿಕಲ್ಲಿನ ನೆಲದ ಮೇಲೆ ಮಲಗಿಸಿ ಅರಮನೆಯ ಕಥೆ ಹೇಳುತ್ತಿದ್ದ. ಹರೆಯದಲ್ಲಿ ಅವನು ಹೈದರಾಬಾದಿನ ಒಂದು ಅರಮನೆಯಲ್ಲಿ ಪಂಖಾ ಎಳೆಯುತ್ತಿದ್ದ. ಚಾವಣಿಯಿಂದ ಇಳಿಬಿಟ್ಟ ಅಗಲವಾದ ಬಟ್ಟೆಯನ್ನು ಹಗ್ಗದಿಂದ ಎಳೆದೆಳೆದು ದೊಡ್ಡವರಿಗೆ ಗಾಳಿ ಹಾಕುವ ಕೆಲಸ. ಚಾವಣಿಯ ತುಂಬ ಬರೆದ ಹಸಿರು ಗಿಳಿಗಳು, ಬೆಳ್ಳಿಯ ಕುರ್ಚಿ, ಬೇಗಂ ನಕ್ಕಾಗ ಅಲುಗುವ ಮೂಗುತಿ, ಎಲ್ಲವನ್ನೂ ಮಾರು ದೂರದಲ್ಲಿ ಕಂಡವನಂತೆ ವರ್ಣಿಸುತ್ತಿದ್ದ. ನಾನಂತೂ ಶಾಲೆಯಲ್ಲಿ ಅದನ್ನು ಹೇಳಿಕೊಂಡು ಮೆರೆದದ್ದೇ ಮೆರೆದದ್ದು.

ಎಂಬತ್ತರ ದಶಕದ ಕೊನೆಯಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಆ ಅರಮನೆ ಮ್ಯೂಸಿಯಂ ಆಗಿದೆಯೆಂದು ತಿಳಿದು ಅಪ್ಪ ಮುತ್ಯಾನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಮುತ್ಯಾ ಹೊಸ ರುಮಾಲು ಸುತ್ತಿದ್ದ. ಬೇಡವೆಂದರೂ ಕೇಳದೆ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ನಾನು ಅವನ ಕೈ ಹಿಡಿದು ಒಳಗೆ ಹೋದವಳೇ ಮೊದಲು ಮೇಲೆ ನೋಡಿದೆ. ಬರೀ ಬಿಳಿ ಸುಣ್ಣ. ಅಷ್ಟರಲ್ಲಿ ಗೈಡ್ ಪಂಖಾ ತೋರಿಸಿ, ಹಗ್ಗ ಗೋಡೆಯ ತೂತಿನಿಂದ ಆಚೆ ಹೋಗುತ್ತದೆ, ಎಳೆಯುವ ಆಳನ್ನು ಒಳಗೆ ಬಿಡುತ್ತಲೇ ಇರಲಿಲ್ಲ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಅರ್ಧಂಬರ್ಧ ದಖನಿ ಉರ್ದುವಿನಲ್ಲೇ ಅವನ ಮೇಲೆ ಜಗಳಕ್ಕೆ ನಿಂತೆ: ನಮ್ಮ ಮುತ್ಯಾ ಒಳಗೇ ಇದ್ದ, ಬೇಕಾದರೆ ಅವನನ್ನೇ ಕೇಳಿ. ಎಲ್ಲರೂ ಮುತ್ಯಾನ ಕಡೆ ತಿರುಗಿದರು.

“ಅವ್ರು ಹೇಳೂದು ಬರೋಬ್ಬರಿ ಅದವ್ವ. ನಾ ಗ್ವಾಡಿ ಆ ಕಡಿ ಇರ್ತಿದ್ದೆ. ಒಳಗ ಕಾಲಿಟ್ಟಿದ್ದು ಇವತ್ತೇ” ಎಂದ ಮುತ್ಯಾ.

ನಾನು ಹಿಡಿದ ಕೈ ಬಿಟ್ಟುಬಿಟ್ಟೆ. “ಮತ್ತ ಗಿಳಿ?” ಎಂದೆ. “ಮಾತಾಡೂದು, ನಗೂದು ಕೇಳ್ತಿತ್ತು. ಉಳಿದದ್ದು ನಾನೇ ಅನ್ಕೊಂಡೆ” ಎಂದ. ಅದೇ ಕಥೆ ಕೇಳಿ ಬೆಳೆದ ಅಪ್ಪ ನೆಲ ನೋಡುತ್ತ ನಿಂತಿದ್ದರು. ಮುತ್ಯಾ ಯಾರನ್ನೂ ಕೇಳದೆ ಹಿಂದಿನ ಬಾಗಿಲಿನಿಂದ ಇಕ್ಕಟ್ಟಾದ ಓಣಿಯೊಂದಕ್ಕೆ ಹೋದ. ಒಳಗೆ ದಾರಿ ತಪ್ಪಿದವನಂತಿದ್ದವನು ಇಲ್ಲಿ ನೇರವಾಗಿ ಹಗ್ಗ ಹೊರಬರುವ ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕುಳಿತ. ಅವನ ಹೆಗಲಿನ ಎತ್ತರಕ್ಕೆ ಗಚ್ಚು ಸವೆದು ನುಣುಪಾಗಿತ್ತು. ಕಾವಲಿನವನು ಬಂದು ಏಳಿಸಿದ. ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದವನಿಗೆ ನಾನು ಕೈ ಕೊಡಲಿಲ್ಲ.

ಆ ಬೇಸಿಗೆಯಲ್ಲೂ ಮುತ್ಯಾ ತಟ್ಟಿಗೆ ನೀರು ಚಿಮುಕಿಸಿದ. ಆದರೆ ಸುಮ್ಮನೆ ಮಲಗಿದ. ಕಾಕಾನ ಮಕ್ಕಳು ಕಥೆಗೆ ಗಂಟುಬಿದ್ದಾಗ, “ಅಕ್ಕಗ ಕೇಳ್ರಿ. ಆಕಿ ಒಳಗ ನೋಡಿ ಬಂದಾಳ” ಎಂದ. ನನ್ನ ಸಿಟ್ಟು ಇಳಿದಿರಲಿಲ್ಲ. ಹರಿದ ಸೋಫಾ, ಧೂಳು, ತುಕ್ಕು ಹಿಡಿದ ಕತ್ತಿ, ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದೆ. ಹುಡುಗರು ಅರ್ಧಕ್ಕೇ ಎದ್ದು ಆಡಲು ಹೋದರು. ಮುತ್ಯಾ ಮಾತ್ರ ಕೊನೆಯವರೆಗೂ ಹೂಂಗುಟ್ಟುತ್ತ ಕೇಳಿದ. “ಖರೇ ಹೇಳ್ದಿ ನೋಡವ್ವ” ಎಂದ. ಮತ್ತೆ ಆ ಮನೆಯಲ್ಲಿ ಅರಮನೆಯ ಮಾತನ್ನು ಯಾರೂ ಎತ್ತಲಿಲ್ಲ.