ಮೇಲಿನ ಹಲಗೆಯ ಮೇಣದಬತ್ತಿ

ನನ್ನ ತಮ್ಮ ಆರ್ಲೋ ಟ್ವಿಚೆಲ್‌ಗೆ ಕಿವಿ ಕೇಳುವುದಿಲ್ಲ ಎಂಬುದು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಮೀಸೆ ಚಿಗುರುವ ಮೊದಲೇ ಮರದ ಮಿಲ್ಲಿಗೆ ಸೇರಿ ಗರಗಸದ ಪಕ್ಕ ನಿಂತವನು. ಕಿವಿ ಮುಚ್ಚಿಕೊಳ್ಳಲು ಮಿಲ್ಲಿನವರು ಕೊಟ್ಟದ್ದನ್ನು ಮಾಲೆಯ ಹಾಗೆ ಕೊರಳಿಗೆ ಹಾಕಿಕೊಂಡೇ ಕೆಲಸ ಮುಗಿಸಿದ. ಕಿವಿಗೆ ಮಷೀನು ಹಾಕಿಸಿಕೋ ಎಂದು ಹೆಂಡತಿ ವೆಲ್ಮಾ ಗೋಗರೆದರೆ, ನೀವೆಲ್ಲ ಬಾಯೊಳಗೇ ಗೊಣಗುತ್ತೀರಿ ಎಂದು ನಮ್ಮ ಮೇಲೆಯೇ ಹಾಯುತ್ತಿದ್ದ. ಹಟಕ್ಕೆ ನಮ್ಮ ಮನೆತನದಲ್ಲಿ ಎಂದೂ ಬರ ಬಂದಿಲ್ಲ. ನನ್ನನ್ನು ಬಲ್ಲವರು ಇದನ್ನು ತಕರಾರಿಲ್ಲದೆ ಒಪ್ಪುತ್ತಾರೆ.

ಆದರೆ ಅವನು ಮಾಡುವ ಸೇಬಿನ ಸೈಡರ್ ಕುಡಿದವರು ಅವನ ಹಟವನ್ನೂ ಮನ್ನಿಸುತ್ತಿದ್ದರು. ವರ್ಮಾಂಟಿನ ನಮ್ಮ ಈ ಮೂಲೆಯಲ್ಲಿ ಜಿಂಕೆ ಬೇಟೆ ಶುರುವಾಗುವ ಹಿಂದಿನ ದಿನ ಊರಿನವರೆಲ್ಲ ಸಭಾಭವನದಲ್ಲಿ ಒಟ್ಟಿಗೆ ಉಣ್ಣುತ್ತೇವೆ. ಆ ಊಟಕ್ಕೆ ಆರ್ಲೋನ ಸೈಡರ್ ಇಲ್ಲದಿದ್ದರೆ ಜನ ಮುಖ ಸಿಂಡರಿಸುತ್ತಾರೆ. ಬೇಲಿಯ ಅಂಚಿನ ಕಾಡುಸೇಬನ್ನು ಹಿಂಡಿ, ರಸವನ್ನು ಹುಳಿಯಲು ಬಿಟ್ಟು, ಆಮೇಲೆ ಉಕ್ಕಿನ ಪೀಪಾಯಿಗೆ ತುಂಬಿ ಸೋಡಾಕ್ಕೆ ಹಾಕುವ ಇಂಗಾಲದ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರ್ ಜೋಡಿಸುತ್ತಿದ್ದ. ಗ್ಯಾಸು ಒತ್ತಡದಲ್ಲಿ ನಿಧಾನವಾಗಿ ರಸದೊಳಗೆ ಕರಗಬೇಕು. ಆಗಲೇ ಆ ನಾಲಿಗೆ ಚುಚ್ಚುವ ಸಣ್ಣ ಗುಳ್ಳೆಗಳು ಬರುವುದು. ಪೈಪಿನ ಜೋಡಣೆ ಸೋರುತ್ತಿದೆಯೋ ಎಂದು ಬೇರೆಯವರು ಸೋಪಿನ ನೊರೆ ಬಳಿದು ನೋಡುತ್ತಾರೆ. ಆರ್ಲೋ ಮಂಡಿಯೂರಿ ಕಿವಿ ಹಚ್ಚುತ್ತಿದ್ದ. ಕಿವಿ ಚೆನ್ನಾಗಿದ್ದ ಕಾಲದ ಅಭ್ಯಾಸ, ಕಿವಿ ಹೋದ ಮೇಲೂ ಬಿಡಲಿಲ್ಲ.

ಇನ್ನೊಂದು ಅಭ್ಯಾಸ ನಮ್ಮ ತಾತನಿಂದ ಬಂದದ್ದು. ರಸ ಹುಳಿಯುವ ನೆಲಮಾಳಿಗೆಗೆ ಇಳಿಯುವಾಗ ತಾತ ಉರಿಯುವ ಮೇಣದಬತ್ತಿ ಒಯ್ದು ನೆಲದ ಮೇಲೆ ಇಡುತ್ತಿದ್ದ. ಬತ್ತಿ ಕುಗ್ಗಿದರೆ ತಿರುಗಿ ನೋಡದೆ ಹತ್ತಿ ಬರಬೇಕು. ಯಾಕೆ ಎಂದು ವಿವರಿಸುವ ಜಾತಿಯಲ್ಲ ತಾತ. ಆರ್ಲೋನೂ ಹಾಗೇ ಇಡುತ್ತಿದ್ದ. ಒಮ್ಮೆ ಆಲೂಗಡ್ಡೆಯ ಗೋಣಿಗೆ ಕಿಡಿ ಹತ್ತಿತು. ಮನೆ ಸುಡುವ ಮೊದಲು ಅದನ್ನು ಮೇಲಿಡು ಎಂದು ವೆಲ್ಮಾ ಗದರಿದಳು. ಅವನು ಭುಜದ ಎತ್ತರಕ್ಕೆ ಗೋಡೆಗೆ ಒಂದು ಹಲಗೆ ಬಡಿದ. ಅಂದಿನಿಂದ ಬತ್ತಿ ಅಲ್ಲೇ ಉರಿಯುತ್ತಿತ್ತು. ಪೀಪಾಯಿ, ಸಿಲಿಂಡರ್ ಎಲ್ಲ ದನದ ಕೊಟ್ಟಿಗೆಯಲ್ಲೇ ಇರುತ್ತಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ.

ಆ ವರ್ಷ ಚಳಿ ಬೇಗ ಬಂತು. ಸೈಡರ್ ಹೆಪ್ಪುಗಟ್ಟೀತೆಂದು ಎಲ್ಲವನ್ನೂ ನೆಲಮಾಳಿಗೆಗೆ ಇಳಿಸಿದ. ಆಮೇಲೆ ನಾವೆಲ್ಲ ಚಳಿಗಾಲಕ್ಕೆ ಮಾಡುವಂತೆ ಮನೆಯ ಬುಡದ ಸುತ್ತ ಪ್ಲಾಸ್ಟಿಕ್ ಹೊದಿಸಿ, ಒಣಹುಲ್ಲಿನ ಹೊರೆಗಳನ್ನು ಒತ್ತಿ ಕಟ್ಟಿದ. ನೆಲಮಾಳಿಗೆಯ ಹೊರಬಾಗಿಲೂ ಅದರಡಿ ಮುಚ್ಚಿಹೋಯಿತು. ಗಾಳಿಯ ಒಂದೆಳೆಯೂ ನುಸುಳದು ಎಂದು ಬೀಗಿದ.

ಆಮೇಲೆ ಒಂದೊಂದೇ ಶುರುವಾಯಿತು. ಸಿಲಿಂಡರ್ ಎಂದಿಗಿಂತ ಬೇಗ ಬರಿದಾಯಿತು. ತುಂಬಿಕೊಟ್ಟವನು ಟೋಪಿ ಹಾಕಿದ ಎಂದು ಬೈದು, ಹಟಕ್ಕೆ ದೊಡ್ಡದೊಂದನ್ನು ತಂದ. ಗೋಣಿಯ ಬಳಿ ಇಲಿಗಳು ಗಾಯವಿಲ್ಲದೆ ಸತ್ತು ಬಿದ್ದಿದ್ದವು. ಬೆಕ್ಕನ್ನು ಹೊಗಳಿದ. ಆ ಬೆಕ್ಕು ತನ್ನ ಬಟ್ಟಲು ಬಿಟ್ಟು ಬೇರೇನನ್ನೂ ಬೇಟೆಯಾಡಿದ್ದನ್ನು ನಾನು ಕಂಡಿಲ್ಲ. ಆಲೂಗಡ್ಡೆ ತರಲು ಇಳಿದ ವೆಲ್ಮಾ ತಲೆ ಸಿಡಿಯುತ್ತಿದೆ ಎಂದು ಹಿಡಿದುಕೊಂಡು ಬರುತ್ತಿದ್ದಳು. ಒಲೆಯ ಹೊಗೆ ಎಂದ. ಅವನ ನೆರಳಿನಂತಿದ್ದ ನಾಯಿ ಟಿಂಕರ್ ನೆಲಮಾಳಿಗೆಯ ಬಾಗಿಲಿಗೆ ಬಂದರೆ ಕಾಲು ಊರಿ ನಿಂತುಬಿಡುತ್ತಿತ್ತು.

ಊಟದ ದಿನ ಬೆಳಿಗ್ಗೆ ಬೇಯಿಸಿದ ಬೀನ್ಸ್ ಕಾಳಿನ ಪಾತ್ರೆ ಹೊತ್ತು ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ನಿಂತಾಗ ಕೆಳಗಿನಿಂದ ಸಣ್ಣಗೆ ಬುಸ್ ಎನ್ನುವ ಸದ್ದು ಬರುತ್ತಿತ್ತು, ನಿಲ್ಲದೆ.

"ಆರ್ಲೋ, ಕೆಳಗೆ ಏನೋ ಬುಸುಗುಡ್ತಿದೆ ಕಣೋ."

"ನಿನ್ನ ಟೀ ನೀರು ಕುದೀತಿರ್ಬೇಕು, ಹೆಸ್ಟರ್."

ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಗಂಟಲು ಹರಿಯುವಂತೆ ಮತ್ತೆ ಹೇಳಿದೆ: ಮೊದಲು ಹುಲ್ಲು ಕಿತ್ತು ಹೊರಬಾಗಿಲು ತೆಗೆ, ಆಮೇಲೆ ಇಳಿ. ಅಷ್ಟು ಬೆನ್ನು ಮುರಿದು ಮುಚ್ಚಿದ್ದನ್ನು ಕೀಳುವುದೇ ಎಂದು ನಕ್ಕ. ಮೇಣದಬತ್ತಿ ಹಚ್ಚಿಕೊಂಡು ಸೈಡರ್ ತರಲು ಇಳಿದ. ನಾಯಿ ಅವನ ಪ್ಯಾಂಟು ಕಚ್ಚಿ ಎಳೆಯಿತು. ಅದನ್ನು ಮೊಣಕಾಲಿನಿಂದ ಪಕ್ಕಕ್ಕೆ ಸರಿಸಿದ.

"ಉರೀತಿದೆ ನೋಡೇ, ಪುಕ್ಕಲಿ," ಎಂದು ಕೆಳಗಿನಿಂದ ಕೂಗಿದ. ನಾನೂ ವೆಲ್ಮಾಳೂ ಬಾಗಿಲಲ್ಲಿ ನಿಂತು ನೋಡಿದೆವು, ಬತ್ತಿ ಹಲಗೆಯ ಮೇಲೆ ನೆಟ್ಟಗೆ ಉರಿಯುತ್ತಿತ್ತು. ಅವನು ಮಂಡಿಯೂರಿ, ಬಗ್ಗಿ, ಪೀಪಾಯಿಗೆ ಕಿವಿ ಹಚ್ಚಿದ. ಏನೂ ಕೇಳಿಸಲಿಲ್ಲವೇನೋ, ಇನ್ನಷ್ಟು ಬಗ್ಗಿದ. ನಮಗೆ ಮಾತ್ರ ಆ ಬುಸ್ ಸದ್ದು ಕೇಳುತ್ತಿತ್ತು. ಹಾಗೇ ಮಗ್ಗುಲಿಗೆ ಒರಗಿದ, ಮತ್ತೆ ಏಳಲಿಲ್ಲ.

ವೆಲ್ಮಾ ಮೆಟ್ಟಿಲಿಗೆ ನುಗ್ಗಿದಳು. ಅವಳ ತೋಳನ್ನು ಎರಡೂ ಕೈಯಲ್ಲಿ ಹಿಡಿದೆ.

"ಬಿಡು ಹೆಸ್ಟರ್, ಬಿದ್ದಿದ್ದಾನೆ ಅವನು."

"ಅದಕ್ಕೇ ಬಿಡಲ್ಲ."

ನನ್ನ ಕೈ ಕಚ್ಚಿದಳು. ಬಿಡಲಿಲ್ಲ. ಅವಳನ್ನು ಫೋನಿನವರೆಗೂ ಎಳೆದುಕೊಂಡೇ ಹೋದೆ. ಕೆಳಗಿದ್ದವನು ನನ್ನ ಒಡಹುಟ್ಟಿದವನು. ಹಾಳಾದ್ದು, ನಾನೂ ಇಳಿಯಲಿಲ್ಲ.

ಊರಿನ ಅಗ್ನಿಶಾಮಕ ದಳದ ಡ್ವೇನ್ ತನ್ನವರೊಂದಿಗೆ ಮುಖಕ್ಕೆ ಮುಸುಕು, ಬೆನ್ನಿಗೆ ಗಾಳಿಯ ಡಬ್ಬಿ ಕಟ್ಟಿಕೊಂಡು ಇಳಿದು ಅವನನ್ನು ಹೊತ್ತು ತಂದ. ಎದೆ ಒತ್ತಿದರು, ಉಸಿರು ಊದಿದರು. ಆರ್ಲೋ ಕಣ್ಣು ಬಿಡಲಿಲ್ಲ.

"ಬತ್ತಿ ಆರಿತ್ತಾ?" ಎಂದು ವೆಲ್ಮಾ ಕೇಳಿದಳು.

ಡ್ವೇನ್ ಸಿಲಿಂಡರ್ ಮುಚ್ಚಲು ಮತ್ತೆ ಇಳಿದ. ಬಾಗಿಲಿನಿಂದ ನಮಗೆ ಎಲ್ಲ ಕಾಣುತ್ತಿತ್ತು. ಬತ್ತಿ ಇನ್ನೂ ಹಲಗೆಯ ಮೇಲೆ ಉರಿಯುತ್ತಲೇ ಇತ್ತು. ಅವನು ಅದನ್ನು ತೆಗೆದುಕೊಂಡು ಮೆಲ್ಲಗೆ ಕೆಳಕ್ಕೆ ಇಳಿಸಿದ. ಸೊಂಟದ ಹತ್ತಿರ ಜ್ವಾಲೆ ಕುಗ್ಗಿತು. ಮೊಣಕಾಲಿನ ಹತ್ತಿರ ಯಾರೋ ಚಿವುಟಿದಂತೆ ಆರಿತು. ಸೋರಿದ ಗ್ಯಾಸು ಗಾಳಿಗಿಂತ ಭಾರ, ನೀರಿನಂತೆ ಕೆಳಗೇ ನಿಂತಿತ್ತು.

"ಮೇಲಿಡು ಅಂದವಳು ನಾನೇ," ಎಂದಳು ವೆಲ್ಮಾ.

ನಾನು ಆಗಲೂ ಅವಳ ತೋಳು ಬಿಟ್ಟಿರಲಿಲ್ಲ.